ಮೂರೂರಿನ ಟಪಾಲಿಗೆ ಒಂದೇ ಬಾಗಿಲು

ಸುರಪುರದ ನಮ್ಮ ಕಾಲೇಜಿನ ಗ್ರಂಥಪಾಲಕಿ ಮೊನ್ನೆ ಫೋನ್ ಮಾಡಿದ್ದಳು. "ಸಾಹೇಬ್ರ, ಅಣ್ಣಾರ ಮ್ಯಾಲ ಒಂದು ನೆನಪಿನ ಸಂಚಿಕೆ ತರಾಕತ್ತೇವಿ. ನೀವೊಂದು ಎರಡು ಪುಟ ಬರ್ಕೊಡ್ರಿ. ಅವರನ್ನ ನಿಮ್ಮಷ್ಟು ಹತ್ರದಿಂದ ನೋಡಿದವ್ರು ಬ್ಯಾರೆ ಯಾರದಾರ?"

ಮಾತು ಖರೆ. ಹೊಟ್ಟೆಕಿಚ್ಚು ಪಡುವವನಷ್ಟು ಹತ್ತಿರದಿಂದ ಒಬ್ಬ ಮನುಷ್ಯನನ್ನು ಹೆತ್ತ ತಾಯಿಯೂ ನೋಡುವುದಿಲ್ಲ. ತಾಯಿಗೆ ಬೇರೆ ಮಕ್ಕಳಿರುತ್ತಾರೆ, ಒಲೆಯ ಮೇಲೆ ಬೇಳೆ ಕುದಿಯುತ್ತಿರುತ್ತದೆ. ನನಗೆ ಎಷ್ಟೋ ವರ್ಷ ಇವನೊಬ್ಬನೇ ಇದ್ದ.

ಹೆಸರು ಬರೆಯುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರ ಮೂರೂ ಊರಲ್ಲಿ ಜನ ಆ ಹೆಸರನ್ನು ದಿನಕ್ಕೆ ಹತ್ತು ಸಲ ಕೂಗುವುದನ್ನು ಕೇಳಿ ನನ್ನ ಕಿವಿ ದಣಿದಿವೆ. ಇನ್ನು ನನ್ನ ಕೈಯಿಂದಲೂ ಅದು ಅಚ್ಚಾಗುವುದು ಬೇಡ. 'ಅವರು' ಅಂತಲೂ ಬರೆಯಲಾರೆ. ವಯಸ್ಸಿನಲ್ಲಿ ನನಗಿಂತ ಹದಿನಾಲ್ಕು ವರ್ಷ ಸಣ್ಣವನು. ಅದೊಂದರಲ್ಲಾದರೂ ನಾನು ಮೇಲಿರಲಿ.

ಮೊದಲು ನಾನು ಯಾರು ಎಂಬುದು ಓದುವವರಿಗೆ ತಿಳಿಯಬೇಕು. ನಮ್ಮ ವಿದ್ಯಾಸಂಸ್ಥೆಗೆ ಮೂರು ಊರಲ್ಲಿ ಮೂರು ಕಾಲೇಜು. ಕೇಂದ್ರ ಕಚೇರಿ ಯಾದಗಿರಿಯಲ್ಲಿ. ಅಲ್ಲಿ ನಾನು ಹದಿನೆಂಟು ವರ್ಷ ಟಪಾಲು ವಿಭಾಗದ ಕಾರಕೂನ, ಆಮೇಲೆ ನಿವೃತ್ತಿಯವರೆಗೂ ಅಧೀಕ್ಷಕ. ಅಧೀಕ್ಷಕನಾದ ಮೇಲೂ ಟಪಾಲನ್ನು ಬಿಟ್ಟುಕೊಡಲಿಲ್ಲ. ಬಂದ ಪತ್ರ ಆವಕ ವಹಿಯಲ್ಲಿ, ಹೋದ ಪತ್ರ ಜಾವಕ ವಹಿಯಲ್ಲಿ, ಎರಡಕ್ಕೂ ನನ್ನ ಕೈಯ ನೇರಳೆ ಶಿಕ್ಕಾ. ಪ್ರಾಚಾರ್ಯರಿಗೆ ಪ್ರೇಮಪತ್ರ ಬಂದರೂ ಮೊದಲು ನನ್ನ ಮೇಜಿಗೆ ಬಂದು, ನಂಬರು ಹಚ್ಚಿಸಿಕೊಂಡು, ಆಮೇಲೆ ಅವರ ಎದೆಗೆ ನಾಟಬೇಕು. ಯಾರಿಗಾದರೂ ಕಾರ್ಡು ಬಂದರೆ ಓದುತ್ತಿದ್ದೆ. ಓದಿದ್ದನ್ನು ಚಹಾದ ಹೊತ್ತಿಗೆ ನಾಲ್ಕು ಜನರಿಗೆ ಹೇಳುತ್ತಿದ್ದೆ. ಅದು ಕಾರ್ಡಿನ ತಪ್ಪು, ಮೈ ಮುಚ್ಚಿಕೊಂಡು ಬರಬೇಕಿತ್ತು.

ಇಂಥ ಸುಭಿಕ್ಷ ರಾಜ್ಯಕ್ಕೆ ಈ-ಮೇಲ್ ಬಂತು. ಯಾದಗಿರಿಯವರು ತಮ್ಮದೊಂದು ಮೇಲ್ ಸರ್ವರ್ ಇಟ್ಟರು. ಯಾದಗಿರಿಯವರು ಇಟ್ಟರು ಅಂತ ಶಹಾಪುರದವರು ಇಟ್ಟರು. ಅವರಿಬ್ಬರೂ ಇಟ್ಟ ಮೇಲೆ ಸುರಪುರದವರು ಸುಮ್ಮನೆ ಕೂಡುವ ಪೈಕಿಯೇ? "ಸಂಸ್ಥಾನ ಆಳಿದ ಊರ್ರಿ ಇದು. ನಮ್ಮ ಪತ್ರ ಇನ್ನೊಬ್ಬರ ಮನ್ಯಾಗ ಯಾಕ ಇಡಬೇಕು?" ಅಂತ ಅಲ್ಲಿಯ ಸಮಿತಿಯ ಹಿರಿಯರು ಸಭೆಯಲ್ಲಿ ಎದ್ದು ನಿಂತರು. ಮೂರು ಊರು, ಮೂರು ಸರ್ವರ್, ಮೂರನ್ನೂ ಮಾರಿದವರು ಮೂರು ಬೇರೆ ಬೇರೆ ಅಂಗಡಿಯವರು. ಪತ್ರ ನೋಡುವ ಪುಟಗಳೂ ಮೂರು, ಒಂದರ ಮುಖ ಇನ್ನೊಂದಕ್ಕಿಲ್ಲ. ವಾರದಲ್ಲಿ ಮೂರು ದಿನ ಶಹಾಪುರ, ಮೂರು ದಿನ ಸುರಪುರ ಅಂತ ಪಾಠ ಮಾಡುವ ಮೇಷ್ಟ್ರುಗಳು ಎರಡೂ ಕಡೆ ಪಾಸ್‌ವರ್ಡ್ ಮರೆತು ಮೂರನೆಯ ಕಡೆ, ಅಂದರೆ ನನ್ನ ಮೇಜಿಗೆ, ಬಂದು ನಿಲ್ಲುತ್ತಿದ್ದರು. ನಾನು ಗಂಭೀರವಾಗಿ, "ಅದಕ್ಕ ಹೇಳೋದು, ಕಾಗದ ಕಾಗದನ" ಅನ್ನುತ್ತಿದ್ದೆ. ನನ್ನ ಜೀವನದ ಬಂಗಾರದಂಥ ಕಾಲ ಅದು.

ಆಗ ಈತ ಬಂದ. ಕಡೇಚೂರಿನವನು. ಅಲ್ಲಿಯ ಕಾರ್ಖಾನೆಯೊಂದರಲ್ಲಿ ಕೇಬಲ್ ಎಳೆಯುವ ಕೆಲಸಕ್ಕೆ ಸೇರಿ, ಕೇಬಲ್ಲಿನ ಇನ್ನೊಂದು ತುದಿಯಲ್ಲಿ ಏನಿದೆ ಅಂತ ನೋಡುತ್ತ ನೋಡುತ್ತ ಕಂಪ್ಯೂಟರ್ ಕಲಿತವನು. ದೊಡ್ಡ ಪದವಿ ಇಲ್ಲ. ಅಗಲ ಕಿವಿ, ತೆಳ್ಳನೆ ಮೈ, ಅಂಗಿಯ ಮೇಲಿನ ಗುಂಡಿ ಸದಾ ಹಾಕಿರುತ್ತಿದ್ದ. ಸಂದರ್ಶನದಲ್ಲಿ ನಮ್ಮ ಸಂಸ್ಥೆಯ ಕಾರ್ಯದರ್ಶಿಗಳು ಕೇಳಿದರು: "ಮೂರನ್ನೂ ಕೂಡಿಸಿ ಒಂದು ಮಾಡ್ತೀಯೇನಪಾ?"

"ಮೂರು ಮೂರ ಇರಲಿರಿ. ಬಾಗಿಲ ಒಂದು ಮಾಡ್ತೀನಿ."

ಕಾರ್ಯದರ್ಶಿಗಳು ಕನ್ನಡಕ ತೆಗೆದು ಅವನನ್ನು ನೋಡಿದರು. ನನ್ನನ್ನು ಅವರು ಒಮ್ಮೆಯೂ ಕನ್ನಡಕ ತೆಗೆದು ನೋಡಿದವರಲ್ಲ. ನನ್ನ ಹೊಟ್ಟೆಯಲ್ಲಿ ಮೊದಲ ಕೆಂಡ ಬಿದ್ದದ್ದು ಆಗ. ಹಂಗಾಮಿ ನೌಕರಿ ಕೊಟ್ಟರು. ಕೆಲಸ ಚೆನ್ನಾಗಿ ಆದರೆ ಕಾಯಂ ಮಾಡುವ ಮಾತಿತ್ತು.

ಒಂದೂವರೆ ತಿಂಗಳಲ್ಲಿ ಬಾಗಿಲು ಎದ್ದಿತು. ಒಂದೇ ವೆಬ್‌ಮೇಲ್ ಪುಟ. ಅದರಲ್ಲಿ ಊರು ಆರಿಸಬೇಕು, ಹೆಸರು ಹಾಕಬೇಕು, ಪಾಸ್‌ವರ್ಡ್ ಒತ್ತಬೇಕು, ಅಷ್ಟೇ. ಯಾವ ಊರಿನವನು ಯಾವ ಊರಲ್ಲಿ ಕೂತು ತೆಗೆದರೂ ತನ್ನ ಪತ್ರ ತನಗೆ. ಹಿಂದೆ ಮೂರು ಸರ್ವರ್ ತಮ್ಮ ತಮ್ಮ ಠೀವಿಯಲ್ಲಿ ಹಾಗೇ ಇದ್ದವು. ಯಾದಗಿರಿಯದಕ್ಕೆ ಪೂರ್ತಿ ವಿಳಾಸ ಹೇಳಬೇಕು, ಶಹಾಪುರದ್ದಕ್ಕೆ ಬರೀ ಹೆಸರು ಸಾಕು, ಸುರಪುರದ್ದು ಕಳಿಸಿದ ಪತ್ರಗಳನ್ನು ತನ್ನದೇ ಬೇರೆ ಹೆಸರಿನ ಖಾನೆಯಲ್ಲಿ ಇಡುತ್ತಿತ್ತು. ಇದನ್ನೆಲ್ಲ ಒಂದು ಫೈಲಿನಲ್ಲಿ ಸಾಲುಸಾಲಾಗಿ ಬರೆದಿಟ್ಟಿದ್ದ. "ಇಷ್ಟೆಲ್ಲ ಯಾಕ? ಮೂರಕ್ಕೂ ಒಂದ ನಿಯಮ ಮಾಡಿದ್ರ ಆಗ್ತಿದ್ದಿಲ್ಲೇನು?" ಅಂದೆ, ಹುಳುಕು ಸಿಕ್ಕೀತೆಂಬ ಆಸೆಯಿಂದ.

"ಮೂರೂರಿನ ಬೀಗರು ಬಂದಂಗ್ರಿ ಸಾಹೇಬ್ರ. ಒಬ್ರಿಗೆ ಸಕ್ರಿ ಬ್ಯಾಡ, ಒಬ್ರಿಗೆ ಸುರುವಿ ಕುಡಿಯಾಕ ಬಸಿ ಬೇಕು, ಒಬ್ರು ನಿಂತ ಕುಡೀತಾರ. ಬೀಗರನ್ನ ಬದಲು ಮಾಡಾಕ ಆಗ್ತದೇನ್ರಿ? ಚಹಾನ ಬದಲು ಮಾಡಬೇಕು."

ಇದೇ ಮಾತನ್ನು ಕಾರ್ಯದರ್ಶಿಗಳು ಮರುವಾರ ಸಭೆಯಲ್ಲಿ ತಮ್ಮದೇ ಮಾತೆಂಬಂತೆ ಹೇಳಿ ಚಪ್ಪಾಳೆ ಗಿಟ್ಟಿಸಿದರು. ನಾನೂ ಹೊಡೆದೆ. ಸೇವಾ ನಿಯಮ.

ಬಾಗಿಲು ಕಟ್ಟಿ ಮನುಷ್ಯ ಸುಮ್ಮನಾಗಿದ್ದರೆ ನಾನು ಬದುಕುತ್ತಿದ್ದೆ. ಆಗಲಿಲ್ಲ. ಪ್ರತಿಯೊಬ್ಬರಿಗೂ ಪುಟ ಹೇಗೆ ಬೇಕೋ ಹಾಗೆ ಹೊಂದಿಸಿಕೊಡುತ್ತೇನೆ ಅಂತ ಹೊರಟ. ಅದಕ್ಕೆ ಆತನ ಪದ್ಧತಿ ಲೋಕದಲ್ಲಿ ಎಲ್ಲೂ ಇಲ್ಲದ್ದು. ಜೇಬಿನಲ್ಲಿ ಅಂಟಿಸಿದ ಲಕೋಟೆಗಳನ್ನು ಇಟ್ಟುಕೊಂಡು ಬರುವನು, ಒಂದನ್ನು ಎದುರಿಗಿಟ್ಟು, "ಇದನ್ನ ಒಡೀರಿ" ಅನ್ನುವನು. ಒಳಗೆ ಹಳೆಯ ಸುತ್ತೋಲೆ, ಏನೂ ಇಲ್ಲ. ಅವರು ಹೇಗೆ ಒಡೆದು ಹೇಗೆ ಓದುತ್ತಾರೆ ಅಂತ ಕೈಕಟ್ಟಿ ನೋಡುವನು. ಯಾದಗಿರಿಯ ಪ್ರಾಚಾರ್ಯರು ಪತ್ರ ಬಿಚ್ಚಿದ ಕೂಡಲೇ ಕೆಳಗಿನ ಸಹಿ ನೋಡಿ, ಓದಬೇಕೋ ಬೇಡವೋ ಅಂತ ತೀರ್ಮಾನಿಸುವವರು. ಅವರ ಪುಟದಲ್ಲಿ ಕಳಿಸಿದವರ ಹೆಸರು ಮೊದಲ ಕಾಲಮ್ಮಿಗೆ ಬಂತು. ಉರ್ದು ಮೇಷ್ಟ್ರಿಗೆ ಬಲದಿಂದ ಎಡಕ್ಕೆ. ಗ್ರಂಥಪಾಲಕಿ, ಈಗ ಈ ಸಂಚಿಕೆ ತರುವವಳು, ಲಕೋಟೆಯನ್ನೂ ಒಗೆಯದೆ ಮಡಚಿ ಪುಸ್ತಕದಲ್ಲಿಟ್ಟಳಂತೆ. ಅವಳ ಹೆಸರಿನ ಮುಂದೆ ಆತ ತನ್ನ ಡೈರಿಯಲ್ಲಿ ಬರೆದುಕೊಂಡದ್ದನ್ನು ನಾನೇ ಕದ್ದು ನೋಡಿದ್ದೇನೆ: 'ಲೈಬ್ರರಿ ಬಾಯಾರು: ಅಳಿಸಿದ್ದೂ ಅಳಿಸಬಾರದು.' ಅವಳು ಅಳಿಸಿದ ಪತ್ರಗಳು ಇಂದಿಗೂ ಒಂದು ಖಾನೆಯಲ್ಲಿ ಸುಖವಾಗಿವೆ.

ನನ್ನ ಪಾಳಿ ಬಂತು. ನಾನು ಕತ್ತರಿಯಿಂದ ಅಂಚು ಕತ್ತರಿಸಿ, ಮೊದಲು ತಾರೀಖು ನೋಡಿ, ಪತ್ರದ ಮೂಲೆಯಲ್ಲಿ ನಂಬರು ಹಾಕಿ, ಆಮೇಲೆ ಓದಿದೆ. ಆತ ಎದ್ದು ಹೋದ. ಮರುದಿನ ಪುಟ ತೆಗೆದರೆ ಅದು ನನ್ನ ಆವಕ ವಹಿಯೇ. ಎಡಕ್ಕೆ ನಂಬರು, ಆಮೇಲೆ ತಾರೀಖು, ಆಮೇಲೆ ಊರು, ವಿಷಯ. ಬಣ್ಣಗಿಣ್ಣ ಏನಿಲ್ಲ, ನಡುವೆ ತೆಳ್ಳನೆ ಗೆರೆಗಳು. ನಾನು ಹತ್ತು ನಿಮಿಷ ಕೈ ಆಡಿಸದೆ ಕೂತೆ. ಇಷ್ಟಾದ ಮೇಲೂ ಒಬ್ಬ ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭದ ಕೆಲಸವಲ್ಲ. ನಾನು ಶ್ರಮಪಟ್ಟೆ.

ಇನ್ನೊಂದು ಚಾಳಿ ಇತ್ತು. ಯಾರಾದರೂ ಪಾಸ್‌ವರ್ಡ್ ಒತ್ತುವಾಗ ಬರೀ ಮುಖ ತಿರುಗಿಸುವುದಲ್ಲ, ಇಡೀ ಮೈ ತಿರುಗಿಸಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ, ಹೆಂಗಸರ ಘಾಟಿನ ಕಡೆ ಅಕಸ್ಮಾತ್ ಹೋದ ಮರ್ಯಾದಸ್ಥನ ಹಾಗೆ. "ಏ, ನೋಡಿದ್ರ ಏನಾಗ್ತದೋ ತಮ್ಮಾ, ನೀನ ಇಟ್ಟ ಪೆಟಗಿ ಅಲ್ಲೇನು?" ಅಂತ ಪ್ರಾಚಾರ್ಯರು ನಗುತ್ತಿದ್ದರು. "ಕಿಟಕಿ ನಂದ್ರಿ, ಮನಿ ನಿಮ್ದು" ಅನ್ನುತ್ತಿದ್ದ, ಗೋಡೆಗೇ.

ದಿನ ಕಳೆದಂತೆ ನನ್ನ ಮೇಜಿನ ಮುಂದಿನ ಕುರ್ಚಿ ಖಾಲಿಯಾಯಿತು. ನೇರಳೆ ಶಾಯಿಯ ದಿಂಬು ಒಣಗಿ ಬಿರುಕುಬಿಟ್ಟಿತು. ಜನ ಅವನಿಗೆ ಬುತ್ತಿಯಲ್ಲಿ ಖಟಕ್ ರೊಟ್ಟಿ ತಂದುಕೊಡುವರು, ಶೇಂಗಾ ಹಿಂಡಿ ತಂದುಕೊಡುವರು. ಹದಿನೆಂಟು ವರ್ಷ ಅವರ ಪತ್ರಗಳನ್ನು ಹೊತ್ತು ಹಂಚಿದ ನನಗೆ ಒಬ್ಬರೂ ಒಂದು ಉಪ್ಪಿನಕಾಯಿ ಹೋಳು ಕೊಟ್ಟಿದ್ದಿಲ್ಲ. ಅವನಿಗೆ 'ಅಣ್ಣಾರ', ನನಗೆ 'ಸಾಹೇಬ್ರ'. ಸಾಹೇಬರಿಗೆ ಯಾರೂ ರೊಟ್ಟಿ ತರುವುದಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಇದೇ ಮಾತು. ಒಂದು ದಿನ ಹೆಂಡತಿ ಸೌಟು ಕೆಳಗಿಟ್ಟು, "ಇವತ್ತ ಅವನ ಹೆಸರು ಏಳನೇ ಸಲ ತಗೊಂಡ್ರಿ ನೋಡ್ರಿ. ಲಗ್ನಾದಾಗಿನಿಂದ ನಂದು ಅಷ್ಟು ಸಲ ತಗೊಂಡಿಲ್ಲ" ಅಂದಳು.

ಒಂದು ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಪುಟ ತೆಗೆದರೆ ಗೆರೆಗಳೆಲ್ಲ ಮಾಯ. ಅಕ್ಷರಗಳು ಬಸ್ಸಿನ ಬೋರ್ಡಿನಷ್ಟು ದಪ್ಪ. ಹೊಸ ಪತ್ರ ಬರೆಯಲು ಒತ್ತಿದರೆ ಕೆಳಗೆ ತಾನಾಗಿಯೇ ಸಹಿ ಬಂದು ಕೂತಿದೆ: 'ದೈಹಿಕ ಶಿಕ್ಷಕರು, ಶಹಾಪುರ. ಜೈ ಕಬಡ್ಡಿ.'

ನನಗೆ ಎರಡು ನಿಮಿಷ ಹಿಡಿಯಿತು, ಅಷ್ಟೇ. ಶಹಾಪುರದ ದೈಹಿಕ ಶಿಕ್ಷಕನದೂ ನನ್ನದೂ ಒಂದೇ ಹೆಸರು. ನಮ್ಮ ಸೀಮೆಯಲ್ಲಿ ಹೆಸರುಗಳಿಗೆ ಬರ. ಶರಣಪ್ಪ, ಮಲ್ಲಪ್ಪ, ಭೀಮರಾಯ, ಹಣಮಂತ ಅಂತ ಹತ್ತು ಹನ್ನೆರಡು ಹೆಸರನ್ನು ಇಡೀ ಜಿಲ್ಲೆ ಹಂಚಿಕೊಂಡು ಉಡುತ್ತದೆ. ಟಪಾಲಿಗೆ ಸೇರಿದ ಹೊಸದರಲ್ಲಿ ನಾನು ಬಳಿಚಕ್ರದ ಮಲ್ಲಪ್ಪನ ವರ್ಗಾವಣೆ ಆದೇಶವನ್ನು ದೋರನಹಳ್ಳಿಯ ಮಲ್ಲಪ್ಪನ ಕೈಗಿಟ್ಟಿದ್ದೆ. ಆ ಪುಣ್ಯಾತ್ಮ ಸಾಮಾನು ಕಟ್ಟಿ, ಹೊಸ ಊರಿಗೆ ಹೋಗಿ ಹಾಜರಿಯನ್ನೂ ಹಾಕಿಬಿಟ್ಟಿದ್ದ. ಅಂದು ನನ್ನ ಹಿರಿಯರು ಬೈದು ಕಲಿಸಿದ ಪಾಠ ಒಂದೇ: ಊರಿಲ್ಲದ ಹೆಸರು ವಹಿಗೆ ಹತ್ತಬಾರದು.

ಈತ ಎಡವಿದ್ದು ಅಲ್ಲಿಯೇ. ಪತ್ರಗಳು ಸರಿಯಾಗಿಯೇ ಇದ್ದವು, ಅವು ಆಯಾ ಊರಿನ ಸರ್ವರಿನಲ್ಲಿ. ಆದರೆ ಯಾರಿಗೆ ಅಕ್ಷರ ಎಷ್ಟು ದಪ್ಪ, ಯಾರ ಸಹಿ ಏನು ಎಂಬ ರುಚಿಯ ಚೀಟಿಗಳನ್ನು ವೆಬ್‌ಮೇಲ್ ತನ್ನ ಹತ್ತಿರ ಇಟ್ಟುಕೊಳ್ಳುತ್ತಿತ್ತು, ಮತ್ತು ಚೀಟಿಯ ಮೇಲೆ ಬರೀ ಹೆಸರು. ಶಹಾಪುರದ ನಾನೂ ಯಾದಗಿರಿಯ ನಾನೂ ಅದರ ಲೆಕ್ಕಕ್ಕೆ ಒಬ್ಬನೇ. ಕಾರ್ಖಾನೆಯಲ್ಲಿ ಪ್ರತಿ ಯಂತ್ರಕ್ಕೂ ಬೇರೆ ಹೆಸರಿರುತ್ತದೆ. ಕಡೇಚೂರಿನ ಕೇಬಲ್ಲುಗಳ ನಡುವೆ ಬೆಳೆದವನಿಗೆ ಇದು ಹೊಳೆಯಲಿಲ್ಲ.

ಆತನ ಕೋಣೆ ನನ್ನ ಕೋಣೆಯಿಂದ ಒಂಬತ್ತು ಹೆಜ್ಜೆ. ನಾನು ಏಳಲಿಲ್ಲ. ಪುಟವನ್ನು ನಾನೇ ತಿದ್ದಿಕೊಂಡೆ, ಮೊದಲಿನ ಹಾಗೆ. ಮರುದಿನ ಮತ್ತೆ ಬಸ್ಸಿನ ಬೋರ್ಡು, ಮತ್ತೆ ಜೈ ಕಬಡ್ಡಿ. ದೈಹಿಕ ಶಿಕ್ಷಕನೂ ಮೊದಲೇ ಹಟದವನು. ಯಾರೋ ತನ್ನ ಅಕ್ಷರ ಸಣ್ಣ ಮಾಡುತ್ತಾರೆ ಅಂತ ದಿನಾ ಸಂಜೆ ದಪ್ಪ ಮಾಡಿಕೊಳ್ಳುತ್ತಿದ್ದ. ಹೀಗೆ ಹನ್ನೊಂದು ದಿನ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡದೆ ಕಬಡ್ಡಿ ಆಡಿದೆವು. ಎಲ್ಲರೂ ಹೊಗಳುವ ಗೋಡೆಯಲ್ಲಿ ಬಿರುಕು ಕಂಡಿದೆ, ಅದು ನನ್ನೊಬ್ಬನಿಗೇ ಗೊತ್ತಿದೆ ಎಂಬ ಸುಖದಲ್ಲಿ ನನಗೆ ರಾತ್ರಿ ಗಡದ್ದಾಗಿ ನಿದ್ದೆ ಬರುತ್ತಿತ್ತು.

ಹನ್ನೆರಡನೆಯ ದಿನ ಗೋಡೆ ಬಿತ್ತು. ಯಾದಗಿರಿಯ ಪ್ರಾಚಾರ್ಯರ ಹೆಸರು ಭೀಮರಾಯ. ಸುರಪುರ ಕಾಲೇಜಿನ ಜವಾನನ ಹೆಸರೂ ಭೀಮರಾಯ. ಅವನಿಗೆ ಆ ವಾರವಷ್ಟೇ ಮೇಲ್ ಕೊಟ್ಟಿದ್ದರು. ಅವನು ಹೆಮ್ಮೆಯಿಂದ ತನ್ನ ಸಹಿ ಬರೆಸಿಕೊಂಡಿದ್ದ. ತಪಾಸಣೆಗೆ ಬರಲಿದ್ದ ಸಮಿತಿಗೆ ಪ್ರಾಚಾರ್ಯರು ಮೂರು ಪುಟದ ಗಂಭೀರ ಪತ್ರ ಕಳಿಸಿದರು. ಅದರ ಕೆಳಗೆ ಹೋಗಿದ್ದು: 'ತಮ್ಮ ಸೇವಕ, ಭೀಮರಾಯ, ಗಂಟೆ ಬಾರಿಸುವವ.' ಸಮಿತಿಯವರು ಫೋನ್ ಮಾಡಿ, ಪತ್ರ ತಲುಪಿತು, ಗಂಟೆ ಯಾವಾಗ ಅಂತ ಕೇಳಿದರಂತೆ. ಪ್ರಾಚಾರ್ಯರು ಸಹಿಯನ್ನು ತಿದ್ದಿಕೊಂಡರು. ಅದೇ ಮಧ್ಯಾಹ್ನ ಜವಾನ ಭೀಮರಾಯ ಹೆಂಡತಿಯ ತಮ್ಮನ ಲಗ್ನಕ್ಕೆ ಮೂರು ದಿನ ರಜೆ ಕೇಳಿ ಬರೆದ ಮೇಲ್ 'ಪ್ರಾಚಾರ್ಯರು' ಅಂತ ಸಹಿ ಹೊತ್ತು ಹೋಗಿ, ಸುರಪುರದ ಕಾರಕೂನ ಎದ್ದು ನಿಂತು ಐದು ದಿನ ಮಂಜೂರು ಮಾಡಿದ.

ಕಾರ್ಯದರ್ಶಿಗಳು ನನ್ನನ್ನು ಕರೆಸಿದರು. "ಬರೋ ಸಭಾದಾಗ ಆ ಹುಡುಗನ್ನ ಕಾಯಂ ಮಾಡೋದಿತ್ತು. ಕಾಗದ ತಯಾರ ಅದ. ಈಗ ಈ ಫಜೀತಿ. ಇದು ಸಣ್ಣ ರೋಗನೋ, ದೊಡ್ಡ ರೋಗನೋ? ನೀವು ಟಪಾಲಿನ ಹಳೇ ಹುಲಿ. ನೀವ ಹೇಳ್ರಿ."

"ಟಿಪ್ಪಣಿ ಬರೆದು ಕೊಡ್ತೀನ್ರಿ" ಅಂದೆ.

ಬರೆದೆ. ಅದರ ಒಂದೊಂದು ಅಕ್ಷರವೂ ನನಗೆ ಬಾಯಿಪಾಠ. 'ಸದರಿ ವ್ಯವಸ್ಥೆಯಲ್ಲಿ ಒಬ್ಬರ ಸಹಿಯು ಇನ್ನೊಬ್ಬರ ಪತ್ರಕ್ಕೆ ಹೋಗುವ ದೋಷವು ಕಂಡುಬಂದಿರುತ್ತದೆ. ವ್ಯವಸ್ಥೆಯ ವಿಶ್ವಾಸಾರ್ಹತೆಯನ್ನು ಕೂಲಂಕಷವಾಗಿ ಪರಿಶೀಲಿಸಿದ ನಂತರವಷ್ಟೇ ಸದರಿಯವರನ್ನು ಕಾಯಂಗೊಳಿಸುವ ವಿಷಯವನ್ನು ಪರಿಗಣಿಸಬಹುದು.' ಒಂದು ಸುಳ್ಳೂ ಇಲ್ಲ. ಸುಳ್ಳು ಬರೆಯುವವರು ಹೊಸಬರು. ಹಳಬರು ಖರೆಯನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ.

ಕಾಯಂ ಮಾತು ಮುಂದಕ್ಕೆ ಹೋಯಿತು. ಮುಂದಕ್ಕೆ ಅಂದರೆ ನಮ್ಮ ಸಂಸ್ಥೆಯಲ್ಲಿ ಬಾವಿಗೆ ಅಂತ ಅರ್ಥ. ಹಂಗಾಮಿಯಾಗಿಯೇ ಮುಂದುವರಿಸಿ, ಸುರಪುರಕ್ಕೆ ಕಳಿಸಬೇಕು ಅಂತ ತೀರ್ಮಾನವಾಯಿತು.

ಟಿಪ್ಪಣಿ ಹೋದ ಮೂರನೆಯ ದಿನ ಆತ ನನ್ನ ಕೋಣೆಗೆ ಬಂದ. ಕಣ್ಣು ಕೆಂಪಗಿದ್ದವು. ಕುರ್ಚಿ ಇದ್ದರೂ ಕೂಡಲಿಲ್ಲ.

"ಸಾಹೇಬ್ರ, ಒಂದು ಕೇಳ್ಲೇನ್ರಿ? ಟಪಾಲಿನ್ಯಾಗ ಒಂದ ಹೆಸರಿನವ್ರು ಇಬ್ಬರು ಇದ್ರ ನೀವೇನ್ ಮಾಡ್ತಿದ್ರಿ?"

ಇನ್ನು ಮುಚ್ಚಿಡುವುದಕ್ಕೆ ನನ್ನಲ್ಲಿ ಕಾರಣ ಉಳಿದಿರಲಿಲ್ಲ. ಆಗಬೇಕಾದದ್ದು ಆಗಿತ್ತು. "ಊರು ಬರೀತಿದ್ದೆ" ಅಂದೆ. "ಹೆಸರಿನ ಕೂಡ ಊರು. ಊರಿಲ್ಲದ ಹೆಸರು ವಹಿಗೆ ಹತ್ತಬಾರದು."

ಹಣೆ ಬಡಿದುಕೊಂಡ. ಆಮೇಲೆ ಏನು ಮಾಡಿದ ಗೊತ್ತೇ? ನಕ್ಕ. ಬಿದ್ದು ಬಿದ್ದು ನಕ್ಕು, "ಅಯ್ಯ ಶಿವನ, ಒಂದ ಸಾಲು! ಒಂದ ಸಾಲಿನ ಕೆಲ್ಸ ರೀ ಇದು!" ಅಂತ ಓಡಿದ. ಅರ್ಧ ಗಂಟೆಯಲ್ಲಿ ಚೀಟಿಗಳ ಮೇಲೆ ಹೆಸರೂ ಊರೂ ಬಿದ್ದವು. ಕಲಸಿಹೋದ ಚೀಟಿಗಳವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ, "ಅಕ್ಷರ ಎಷ್ಟು ದಪ್ಪ ಇತ್ತರಿ?" ಅಂತ ಕೇಳಿ ತನ್ನ ಡೈರಿ ನೋಡಿ ಸರಿಮಾಡಿದ. ಆಮೇಲೆ ಆ ದೋಷ ಒಮ್ಮೆಯೂ ಮರಳಲಿಲ್ಲ. ಅದು ಸರಿಯಾಯಿತು ಅಂತ ಟಿಪ್ಪಣಿಗೆ ಇನ್ನೊಂದು ಟಿಪ್ಪಣಿ ಹಚ್ಚುವುದು ಅಧೀಕ್ಷಕನ ಕೆಲಸ. ಅಧೀಕ್ಷಕರಿಗೆ ಪುರಸೊತ್ತಾಗಲಿಲ್ಲ.

ಸುರಪುರಕ್ಕೆ ಹೋದವನು ಅಲ್ಲಿ ಏನು ಮಾಡಿದ ಎಂಬುದು ನನಗೆ ಬಸ್ಸಿನಲ್ಲಿ, ಮದುವೆಯಲ್ಲಿ, ದವಾಖಾನೆಯ ಸಾಲಿನಲ್ಲಿ ಕೇಳಲು ಸಿಗುತ್ತಿತ್ತು. ಅಪರಿಚಿತರು ಕೈಮುಗಿದು, "ಹೆಸರಿನ ಕೂಡ ಊರು ಅಂತ ಹೇಳಿಕೊಟ್ಟ ಸಾಹೇಬ್ರು ನೀವ ಅಲ್ಲೇನ್ರಿ? ಅಣ್ಣಾರು ಭಾಳ ಹೇಳ್ತಿರ್ತಾರ. ನಮ್ಮ ಗುರುಗಳು ಅಂತಾರ" ಅನ್ನುವರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಗುಳಕ್ಕೆ ಉತ್ತರ ಕೊಡುವ ವಿದ್ಯೆ ನನಗಿದೆ. ಹೊಗಳಿಕೆಗೆ ಏನು ಕೊಡಲಿ? ನನ್ನ ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಇತ್ತು, ಅದನ್ನೂ ಆತ ಉಳಿಸಲಿಲ್ಲ.

ಈ ವರ್ಷ ಸಂಸ್ಥೆಯವರು ಮೂರು ಸರ್ವರುಗಳನ್ನೂ ಮುಚ್ಚಿ, ಹಳೆಯ ಪತ್ರಗಳ ಸಮೇತ ಪತ್ರ ವ್ಯವಹಾರವನ್ನೆಲ್ಲ ಹೊರಗಿನ ದೊಡ್ಡ ಕಂಪನಿಯೊಂದಕ್ಕೆ ವಹಿಸಿದರು. ಹಂಗಾಮಿಯ ಕರಾರು ಮುಗಿಯಿತು. ಕಾಯಂ ಆಗಿದ್ದರೆ ಬೇರೆ ಕೋಣೆ, ಬೇರೆ ಕೆಲಸ ಕೊಡಲೇಬೇಕಿತ್ತು. ಐವತ್ತೆರಡರ ಮನುಷ್ಯನಿಗೆ ಒಂದು ಹಾಳೆ ಕೊಟ್ಟು ಕಳಿಸಿದರು.

ಸುರಪುರದ ಸಿಬ್ಬಂದಿ ಬೀಳ್ಕೊಡುಗೆ ಇಟ್ಟರು. ಆರು ವರ್ಷದ ಹಿಂದೆ ನನ್ನ ನಿವೃತ್ತಿಗೆ ಹದಿನಾರು ಜನ ಬಂದಿದ್ದರು, ಅದರಲ್ಲಿ ಇಬ್ಬರು ಚಹಾದವರು. ಇಲ್ಲಿ ಮೂರೂರಿನವರು ಬಂದು ಕುರ್ಚಿ ಸಾಲದೆ ಕಿಟಕಿಗೆ ಆತು ನಿಂತಿದ್ದರು. ಜವಾನ ಭೀಮರಾಯ ಅಳುತ್ತ ಗಂಟೆ ಬಾರಿಸಿದ. ನನ್ನನ್ನು ಮುಖ್ಯ ಅತಿಥಿ ಮಾಡಿ, ಗುರುಗಳು ಅಂತ ಶಾಲು ಹೊದಿಸಿದರು. ನಾನು ಎದ್ದು, ಆತ ಶ್ರದ್ಧಾವಂತ, ಸಜ್ಜನ, ಮುಂದಿನ ಬದುಕು ಸುಖಮಯವಾಗಲಿ ಅಂತ ಹೇಳಿ ಕೂತೆ. ಚಪ್ಪಾಳೆ ಬಿತ್ತು. ಶಾಲು ಮೈಯನ್ನು ಚುಚ್ಚುತ್ತಿತ್ತು.

ಆತ ತನ್ನ ಗಾಡಿಯ ಮೇಲೆ ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಬಂದ. ಯಾದಗಿರಿ ಬಸ್ಸು ಇನ್ನೂ ಬಂದಿರಲಿಲ್ಲ. ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತೆವು.

"ಇನ್ನ ಮುಂದ ಏನು?" ಅಂದೆ.

"ನೋಡಬೇಕ್ರಿ. ಕಡೇಚೂರಿನ್ಯಾಗ ಯಾರರೆ ಕರೀತಾರೇನೋ. ಕೇಬಲ್ ಎಳಿಯೋದು ಕೈ ಮರ್ತಿಲ್ಲ."

ಆಗ ನನ್ನ ಬಾಯಿಂದ ಬಂದೇ ಬಿಟ್ಟಿತು. "ಆ ಸಹಿ ಅದಲುಬದಲು ಆತಲ್ಲ, ಅದು ನನಗ ಮೊದಲ ಗೊತ್ತಿತ್ತು ನೋಡು."

"ಗೊತ್ತದರಿ."

"ಏನು ಗೊತ್ತದ?"

"ಹನ್ನೊಂದು ದಿನ. ದಿನಾ ಮುಂಜಾನಿ ಹತ್ತು ಗಂಟಿಗೆ ನೀವು ಆ ಸೆಟ್ಟಿಂಗ್ ಪುಟ ತಗದು ತಿದ್ದಿಕೊಂಡೀರಿ. ಎಲ್ಲಾನೂ ಲಾಗ್‌ನ್ಯಾಗ ಬರದಿರ್ತದರಿ, ಯಾರು, ಯಾವಾಗ, ಯಾವ ಪುಟ. ನಾ ಸುರಪುರಕ್ಕ ಹೋಗೂಕಿಂತ ಮೊದಲ ನೋಡೀನಿ."

"ಮತ್ತ ಕಾರ್ಯದರ್ಶಿಗಳ ಮುಂದ ಯಾಕ ಒಗೀಲಿಲ್ಲ ಅದನ್ನ? ಸಾಹೇಬ್ರಿಗೆ ಗೊತ್ತಿದ್ದೂ ಸುಮ್ಮನಿದ್ರು ಅಂದಿದ್ರ ನನ್ನ ಟಿಪ್ಪಣಿ ಕಸದಬುಟ್ಟಿಗೆ ಹೋಗ್ತಿತ್ತು. ನೀ ಕಾಯಂ ಆಗ್ತಿದ್ದಿ."

"ಆಗ್ತಿದ್ನಿ" ಅಂದ. "ಆದ್ರ ಅದು ನಿಮ್ಮ ಪುಟ ರೀ. ನೀವು ಎಷ್ಟೊತ್ತಿಗೆ ತಗದ್ರಿ, ಒಳಗ ಏನು ಮಾಡಿದ್ರಿ ಅಂತ ನಾ ಇನ್ನೊಬ್ಬರಿಗೆ ಹೇಳಾಕ ನಿಂತ್ರ, ಮರುದಿನ ಯಾರು ನನ್ನ ಬಾಗಿಲದಾಗ ಪಾಸ್‌ವರ್ಡ್ ಹಾಕ್ತಾರ?"

ಕಾರ್ಡುಗಳನ್ನು ಚಹಾದ ಹೊತ್ತಿಗೆ ಓದಿ ಹೇಳಿದವನು ನಾನು.

"ಸಿಟ್ಟು ಬರಲಿಲ್ಲೇನು?"

"ಬರಲಾರದ ಏನ್ರಿ! ಕಾಯಂ ಆಗ್ತದಂತ ಮನ್ಯಾಗ ಎಲ್ಲರಿಗೂ ಹೇಳಿಬಿಟ್ಟಿದ್ನಿ. ಹೇಣ್ತಿ ಎರಡು ದಿನ ಉಣ್ಣಲಿಲ್ಲ." ಆಮೇಲೆ ಕಿವಿ ಕೆಂಪು ಮಾಡಿಕೊಂಡು ಹೇಳಿದ: "ಒಂದು ತಪ್ಪು ಮಾಡೀನ್ರಿ ಸಾಹೇಬ್ರ. ಸುರಪುರಕ್ಕ ಹೋದ ಮ್ಯಾಲ ನಿಮ್ಮ ಪುಟದ ಅಕ್ಷರ ಚೂರು ಸಣ್ಣ ಮಾಡಿಬಿಟ್ಟೆ. ಒಂದು ವಾರ. ದಿನಾ ಚೂರ್ ಚೂರ. ಆಮ್ಯಾಲ ಮನಸ್ಸು ತಡೀಲಿಲ್ಲ, ಮತ್ತ ಮೊದಲಿನಂಗ ಮಾಡಿ ಇಟ್ಟೆ."

ನನಗೆ ನೆನಪಾಯಿತು. ಆ ವಾರ ನಾನು ಕಣ್ಣಿಗೇನೋ ಬಂತು ಅಂತ ಕಲಬುರಗಿಯವರೆಗೆ ಹೋಗಿ, ಕಣ್ಣಿನ ಡಾಕ್ಟರರು ನಂಬರು ಹೆಚ್ಚಾಗಿಲ್ಲ ಅಂದರೂ ಕೇಳದೆ, ಜಗಳ ಆಡಿ ಹೊಸ ಚಶ್ಮಾ ಹಾಕಿಸಿಕೊಂಡು ಬಂದಿದ್ದೆ. ಆಮೇಲೆ ಒಂದು ತಿಂಗಳು ತಲೆಸುತ್ತು.

ನಗಬೇಕೋ ಬೇಡವೋ ತಿಳಿಯಲಿಲ್ಲ. ಆತ ಮೊದಲು ನಕ್ಕ. ನಾನೂ ನಕ್ಕೆ. ಬಸ್ಸು ಬಂತು. ಓಡಿಹೋಗಿ ಕಿಟಕಿಯಿಂದ ಟವಲ್ ಹಾಕಿ ನನಗೆ ಸೀಟು ಹಿಡಿದುಕೊಟ್ಟ. ಶಹಾಪುರ ದಾಟಿ ಭೀಮೆಯ ಸೇತುವೆ ಬರುವವರೆಗೂ ನಾನು ಅವನ ಮೇಲೆ ಸಿಟ್ಟಾಗಲು ನೋಡಿದೆ. ಅಧೀಕ್ಷಕನ ಕಣ್ಣಿನ ಮೇಲೆ ಕೈ ಮಾಡಿದ ಹಂಗಾಮಿ ನೌಕರ! ಆಗಲಿಲ್ಲ. ಆತನ ಸೇಡೂ ನನ್ನದಕ್ಕಿಂತ ಸಣ್ಣದಾಗಿತ್ತು. ಅದಕ್ಕೂ ಹೊಟ್ಟೆಕಿಚ್ಚು ಪಟ್ಟೆ.

ಗ್ರಂಥಪಾಲಕಿಯವರೇ, ನೀವು ಕೇಳಿದ್ದು ಹೊಗಳಿಕೆ, ನಾನು ಬರೆದದ್ದು ಇದು. ಬೇಡವಾದರೆ ನಿಮ್ಮ ಅಳಿಸಿದ ಪತ್ರಗಳ ಖಾನೆಯಲ್ಲಿಡಿ. ಅಚ್ಚು ಹಾಕುವುದಾದರೆ ಕೆಳಗಿನ ಎರಡು ಸಾಲನ್ನು ಬಿಡಬೇಡಿ. ಇವು ನನ್ನ ಟಿಪ್ಪಣಿಯಲ್ಲಿ ಮೂರನೆಯ, ನಾಲ್ಕನೆಯ ವಾಕ್ಯಗಳಾಗಿ ಇರಬೇಕಿದ್ದವು. ಆಗ ಬರೆದಿದ್ದರೆ ಅಧೀಕ್ಷಕನ ಸಹಿಗೆ ಬೆಲೆ ಇತ್ತು, ಈಗ ನಿವೃತ್ತ ಮುದುಕನ ಸಹಿ. ಇದ್ದದ್ದು ಇಷ್ಟೇ.

'ಸದರಿ ದೋಷವು ಒಂದೇ ಸಾಲಿನಿಂದ ಸರಿಹೋಗುವಂಥದ್ದಾಗಿದ್ದು, ಹನ್ನೊಂದು ದಿನಗಳಿಂದ ನನ್ನ ಗಮನದಲ್ಲಿದ್ದರೂ ನಾನು ತಿಳಿಸಿರುವುದಿಲ್ಲ. ಸದರಿಯವರನ್ನು ಕಾಯಂಗೊಳಿಸಲು ಯಾವುದೇ ಅಡ್ಡಿ ಇರುವುದಿಲ್ಲ.'